ಉಂಗುರ ಬೆರಳನ್ನು ಕಚ್ಚಿ ಹಿಡಿದಾಗ

ಕಣಜ ಕಚ್ಚಿದ್ದು ಉಂಗುರದ ಬೆರಳಿಗೇ ಆಗಿದ್ದರೆ ಮೊದಲು ಮಾಡಬೇಕಾದದ್ದು ಸುಣ್ಣ ಹಚ್ಚುವುದಲ್ಲ, ಉಂಗುರ ತೆಗೆಯುವುದು. ಬಾಗಿಲ ಸಂದಿಗೆ ಕೈ ಸಿಕ್ಕಿದಾಗಲೂ ಅಷ್ಟೇ, ಒಗ್ಗರಣೆಯ ಎಣ್ಣೆ ಸಿಡಿದಾಗಲೂ ಅಷ್ಟೇ, ಸ್ಕೂಟರಿನಿಂದ ಬಿದ್ದು ಅಂಗೈ ಊರಿದಾಗಲೂ ಅಷ್ಟೇ. ಆ ಗಳಿಗೆಯಲ್ಲಿ ಯಾರಿಗೂ ಉಂಗುರದ ನೆನಪಾಗುವುದಿಲ್ಲ. ನೋವಿನ ಕಡೆಗೇ ಗಮನವೆಲ್ಲ. ತಣ್ಣೀರು ಹಾಕಿ, ಅರಿಸಿನ ಮೆತ್ತಿ, ಮಾತ್ರೆ ನುಂಗಿ, ಒಂದಿಷ್ಟು ಹೊತ್ತು ಒರಗಿ ಎದ್ದು ನೋಡಿದರೆ ಬೆರಳು ಉಂಗುರದ ಎರಡೂ ಬದಿಗೆ ಉಬ್ಬಿ ನಿಂತಿರುತ್ತದೆ, ಚಿನ್ನ ಮಾಂಸದಲ್ಲಿ ಹೂತಿರುತ್ತದೆ. ಪೆಟ್ಟು ಬಿದ್ದ ಕೂಡಲೇ ಸೋಪು ಹಚ್ಚಿ ಜಾರಿಸಬಹುದಾಗಿದ್ದ ಉಂಗುರಕ್ಕೆ ಸಂಜೆ ಹೊತ್ತಿಗೆ ಗರಗಸ ಬೇಕಾಗುತ್ತದೆ. ಮುಂದೆ ಹೇಳುವ ಉಪಾಯಗಳಲ್ಲಿ ಹೆಚ್ಚಿನವು ಆ ಮೊದಲ ನಿಮಿಷಗಳನ್ನು ಕಳೆದುಕೊಂಡವರಿಗೆ.

ಪೆಟ್ಟು ಬಿದ್ದದ್ದು ಬೆರಳಿಗೇ ಆಗಬೇಕೆಂದಿಲ್ಲ. ಮಣಿಕಟ್ಟಿನ ಮೂಳೆ ಮುರಿದರೂ ಬಾವು ಗಂಟೆಗಳ ಮೇಲೆ ಬೆರಳಿಗೆ ಇಳಿಯುತ್ತದೆ. ಆದ್ದರಿಂದ ಆ ಕೈಯ ಎಲ್ಲ ಬೆರಳುಗಳ ಉಂಗುರ, ಬಳೆ, ವಾಚು, ಕಟ್ಟಿಕೊಂಡ ದಾರ ಎಲ್ಲವನ್ನೂ ಒಟ್ಟಿಗೇ ಬಿಚ್ಚಿಡಬೇಕು. ಹಾವು ಕಚ್ಚಿದಾಗ ಇದು ಇನ್ನೂ ಮುಖ್ಯ. ನಮ್ಮ ಹೊಲಗದ್ದೆಗಳಲ್ಲಿ ಸಿಗುವ ಕೊಳಕುಮಂಡಲ ಕಚ್ಚಿದರೆ ಕೈಯೋ ಕಾಲೋ ಕಣ್ಣೆದುರೇ ಊದತೊಡಗುತ್ತದೆ. ಕಚ್ಚಿದ ಜಾಗದ ಮೇಲ್ಗಡೆ ಹಗ್ಗ ಬಿಗಿಯಬಾರದೆಂಬುದು ಈಗ ತುಂಬ ಜನಕ್ಕೆ ಗೊತ್ತಿದೆ. ಆದರೆ ಬೆರಳಲ್ಲೇ ಉಳಿದ ಉಂಗುರ, ಕಾಲಲ್ಲೇ ಉಳಿದ ಕಾಲುಂಗುರ ಮಾಡುವುದೂ ಅದೇ ಹಗ್ಗದ ಕೆಲಸವನ್ನು. ಅವನ್ನು ತೆಗೆಯಲೆಂದು ಮನೆಯಲ್ಲಿ ಹೊತ್ತು ಕಳೆಯಬೇಡಿ. ಗಾಡಿ ಹತ್ತಿ, ಆಸ್ಪತ್ರೆಯ ದಾರಿಯಲ್ಲೇ ತೆಗೆಯಿರಿ.

ಹೋಗುವಾಗ ಸಲೀಸಾಗಿ ಹೋದ ಉಂಗುರ ಬರುವಾಗ ಯಾಕೆ ಹಟ ಮಾಡುತ್ತದೆ? ಬೆರಳಿನಲ್ಲಿ ಎಲ್ಲಕ್ಕಿಂತ ದಪ್ಪವಿರುವುದು ನಡುಗೆಣ್ಣು. ಉಂಗುರ ಕೂರುವುದು ಅದರ ಹಿಂದೆ, ಬುಡದ ಮೆತ್ತನೆಯ ಜಾಗದಲ್ಲಿ. ಹಾಕಿಕೊಳ್ಳುವಾಗ ಗೆಣ್ಣಿನ ಚರ್ಮ ಹಿಂದಕ್ಕೆ ಸರಿದು ದಾರಿ ಬಿಡುತ್ತದೆ. ಎಳೆಯುವಾಗ ಅದೇ ಚರ್ಮ ಉಂಗುರದ ಮುಂದೆ ಮಡಿಕೆಯಾಗಿ ಗುಪ್ಪೆ ಬೀಳುತ್ತದೆ. ಹೀಗಿರುವಾಗ ಬಾವೂ ಸೇರಿದರೆ ಒಳಗೆ ಬೇರೊಂದು ತೊಂದರೆ ಶುರುವಾಗುತ್ತದೆ. ಅಪಧಮನಿಯ ರಕ್ತ ಒತ್ತಡದಿಂದ ನುಗ್ಗಿ ಬರುತ್ತದೆ, ಉಂಗುರದ ಬಿಗಿತ ಅದನ್ನು ಸುಲಭಕ್ಕೆ ತಡೆಯಲಾರದು. ಹಿಂದಿರುಗುವ ಅಭಿಧಮನಿಗಳಲ್ಲಿ ಒತ್ತಡ ಕಡಿಮೆ, ಅವು ಬೇಗ ಅಮುಕಿಹೋಗುತ್ತವೆ. ಕಾಲುವೆಯಿಂದ ಗದ್ದೆಗೆ ನೀರು ಬರುತ್ತಲೇ ಇದ್ದು, ಕೆಳಗಿನ ಬದುವಿನ ಮಡೆ ಕಟ್ಟಿಕೊಂಡಂತೆ. ಬಾವು ಏರಿದಷ್ಟೂ ಉಂಗುರ ಬಿಗಿಯುತ್ತದೆ, ಉಂಗುರ ಬಿಗಿದಷ್ಟೂ ಬಾವು ಏರುತ್ತದೆ. ಕೊನೆಗೆ ಬರುವ ರಕ್ತವೂ ನಿಂತರೆ ಬೆರಳಿಗೇ ಅಪಾಯ. ‘ನಾಳೆ ಬೆಳಿಗ್ಗೆಯ ಹೊತ್ತಿಗೆ ಇಳಿದೀತು ಬಿಡಿ’ ಎನ್ನುವುದು ಬಾವು ಏರುತ್ತಿರುವಾಗ ಆಡುವ ಮಾತಲ್ಲ.

ಮೊದಲು ಬೆರಳನ್ನು ನೋಡಿ

ಎಣ್ಣೆ ಸೋಪು ಹುಡುಕುವ ಮುಂಚೆ ಬೆಳಕಿಗೆ ಕೈ ಹಿಡಿದು ಬೆರಳನ್ನೊಮ್ಮೆ ಪರೀಕ್ಷಿಸಿ. ಇದಕ್ಕೆ ಅರ್ಧ ನಿಮಿಷ ಸಾಕು. ಉಗುರನ್ನು ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ತಿರುಗಬೇಕು. ಉಗುರಿಗೆ ಬಣ್ಣವೋ ಮೆಹಂದಿಯೋ ಹಚ್ಚಿದ್ದರೆ ಬೆರಳ ತುದಿಯ ಮಾಂಸವನ್ನು ಒತ್ತಿ ನೋಡಿ. ಇನ್ನೊಂದು ಕೈಯ ಅದೇ ಬೆರಳನ್ನೂ ಒತ್ತಿ ಹೋಲಿಸಿದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಆಮೇಲೆ ಕಣ್ಣು ಮುಚ್ಚಿಸಿ ಬೆರಳ ತುದಿಯನ್ನು ಮೆಲ್ಲಗೆ ಮುಟ್ಟಿ, ಮುಟ್ಟಿದ್ದು ತಿಳಿಯುತ್ತದೆಯೇ ಎಂದು ಕೇಳಿ.

ಬೆರಳು ನೀಲಿಗಟ್ಟಿದ್ದರೆ, ಕಪ್ಪಿಟ್ಟಿದ್ದರೆ ಅಥವಾ ಸುಣ್ಣದಂತೆ ಬಿಳಿಚಿದ್ದರೆ, ಬೇರೆ ಬೆರಳಿಗಿಂತ ತಣ್ಣಗಿದ್ದರೆ, ಜೋಮು ಹಿಡಿದು ಸ್ಪರ್ಶ ತಿಳಿಯದಿದ್ದರೆ, ನೋವು ತಡೆಯಲಾರದಷ್ಟಿದ್ದರೆ ಮನೆಯ ಪ್ರಯೋಗ ಬೇಡವೇ ಬೇಡ. ಕೈಯನ್ನು ಎದೆಗಿಂತ ಮೇಲೆ ಎತ್ತಿ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಿ. ಬೆರಳು ಸೊಟ್ಟಗಾಗಿದ್ದರೆ, ಮೂಳೆ ಮುರಿದ ಅನುಮಾನವಿದ್ದರೆ, ಉಂಗುರ ಚರ್ಮ ಕೊಯ್ದು ಒಳಗಿಳಿದಿದ್ದರೆ, ಸುಟ್ಟು ಬೊಬ್ಬೆ ಎದ್ದಿದ್ದರೆ ಕೂಡ ಹಾಗೆಯೇ. ಸಕ್ಕರೆ ಕಾಯಿಲೆ ಬಹಳ ವರ್ಷಗಳಿಂದ ಇರುವವರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅವರ ಬೆರಳಿಗೆ ನೋವು ಗೊತ್ತಾಗುವುದೇ ಕಡಿಮೆ. ‘ನೋವೇನಿಲ್ಲ, ಆರಾಮಾಗಿದೀನಿ’ ಎಂದರೆ ಆ ಮಾತನ್ನು ನಂಬಬೇಡಿ, ಬೆರಳ ಬಣ್ಣವನ್ನು ನಂಬಿ.

ಬಣ್ಣ ಸರಿಯಿದೆ, ಸ್ಪರ್ಶ ತಿಳಿಯುತ್ತಿದೆ, ಉಂಗುರವನ್ನು ಇದ್ದಲ್ಲೇ ಅಷ್ಟಿಷ್ಟು ತಿರುಗಿಸಲು ಬರುತ್ತಿದೆ ಎಂದಾದರೆ ಸಮಯವಿದೆ. ಗಾಬರಿ ಬೇಡ.

ಎಣ್ಣೆಗಿಂತ ಮೊದಲು ತಣ್ಣೀರು

ಜನ ಮಾಡುವ ಸಾಮಾನ್ಯ ತಪ್ಪೆಂದರೆ ಮೊದಲ ಕೆಲಸವಾಗಿ ಎಳೆಯುವುದು. ಒಬ್ಬರು ಎಳೆದು ಸೋತರೆ ಇನ್ನೊಬ್ಬರು, ಅವರೂ ಸೋತರೆ ಪಕ್ಕದ ಮನೆಯವರು. ಪ್ರತಿ ಎಳೆತಕ್ಕೂ ಗೆಣ್ಣಿನ ಚರ್ಮ ತರಚಿ ಬಾವು ಹೆಚ್ಚುತ್ತದೆ. ಹತ್ತು ಜನ ಕೈ ಹಾಕಿದ ಬೆರಳು ಆಸ್ಪತ್ರೆ ತಲುಪುವ ಹೊತ್ತಿಗೆ ಮೊದಲಿನದಕ್ಕಿಂತ ಎಷ್ಟೋ ಕೆಟ್ಟಿರುತ್ತದೆ.

ಕೈಯನ್ನು ತಲೆಯ ಮಟ್ಟಕ್ಕಿಂತ ಎತ್ತರಕ್ಕೆ ಏರಿಸಿ ಹತ್ತು ಹದಿನೈದು ನಿಮಿಷ ಸುಮ್ಮನೆ ಕೂರುವುದು ಮೊದಲ ಮದ್ದು. ಕೈ ಸೋಲುತ್ತದೆ ಎನ್ನುವವರು ಮಲಗಿಕೊಂಡು ಕೈಯನ್ನು ಕಿಟಕಿಯ ಸರಳಿಗೋ ಎರಡು ಮೂರು ದಿಂಬಿಗೋ ಆನಿಸಲಿ. ಜೊತೆಗೆ ತಣ್ಣನೆಯ ನೀರಿನಲ್ಲಿ ಅದ್ದಿದ ಬಟ್ಟೆ ಅಥವಾ ಬಟ್ಟೆಯಲ್ಲಿ ಸುತ್ತಿದ ಐಸು. ಐಸನ್ನು ನೇರವಾಗಿ ಚರ್ಮಕ್ಕೆ ಒತ್ತಿ ಹಿಡಿದರೆ ಅದರದೇ ಗಾಯವಾದೀತು. ಬಾವು ಕಣ್ಣಿಗೆ ಕಾಣುವಷ್ಟು ಇಳಿಯದಿರಬಹುದು, ಆದರೆ ನೂಲಿನೆಳೆಯಷ್ಟು ಸಡಿಲವಾದರೂ ಅದೇ ದೊಡ್ಡದು.

ಆಮೇಲೆ ಜಾರಿಕೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ವ್ಯಾಸಲೀನ್, ಪಾತ್ರೆ ತೊಳೆಯುವ ದ್ರವ, ನೊರೆ ಬರಿಸಿದ ಸೋಪು, ಯಾವುದಾದರೂ ಆದೀತು. ಕೈಗೆ ಮೊದಲು ಸಿಕ್ಕಿದ್ದೇ ಒಳ್ಳೆಯದು. ಗಾಯವಿದ್ದಲ್ಲಿ ಸೋಪು ಉರಿಯುತ್ತದೆ, ಆಗ ವ್ಯಾಸಲೀನ್ ವಾಸಿ. ಮೇಲಿಂದ ಸವರಿದರೆ ಸಾಲದು. ಉಂಗುರವನ್ನು ಬುಡದ ಕಡೆಗೆ ಸ್ವಲ್ಪ ತಳ್ಳಿ, ತಿರುಗಿಸಿ, ಅದರಡಿಗೆ ಎಣ್ಣೆ ಇಳಿಯುವಂತೆ ಮಾಡಬೇಕು. ಗೆಣ್ಣಿನ ಮೇಲೂ ಧಾರಾಳವಾಗಿ ಹಚ್ಚಬೇಕು. ಬೆರಳನ್ನು ಸೆಟೆದು ಹಿಡಿಯಬೇಡಿ, ತುಸು ಬಾಗಿಸಿ ಸಡಿಲ ಬಿಡಿ. ಸೆಟೆದರೆ ಗೆಣ್ಣಿನ ಮೇಲಿನ ಚರ್ಮ ಸುಕ್ಕುಸುಕ್ಕಾಗಿ ಗುಡ್ಡೆಯಾಗುತ್ತದೆ.

ಇನ್ನೊಬ್ಬರ ಸಹಾಯ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಎಳೆಯಲಿಕ್ಕಲ್ಲ, ಚರ್ಮ ಹಿಡಿಯಲಿಕ್ಕೆ. ಅವರು ಉಂಗುರದ ಹಿಂದಿನ ಚರ್ಮವನ್ನು ಅಂಗೈ ಕಡೆಗೆ ಬಿಗಿಯಾಗಿ ಎಳೆದು ಹಿಡಿದರೆ, ಉಂಗುರದಡಿಯ ಮಡಿಕೆ ನೆಟ್ಟಗಾಗುತ್ತದೆ. ಆಗ ನೀವು ಉಂಗುರದ ಒಂದು ಬದಿಯನ್ನು ಒತ್ತಿ ಹಿಡಿದು ಇನ್ನೊಂದು ಬದಿಯನ್ನು ಮುಂದಕ್ಕೆ ಜರುಗಿಸಿ. ಮುಂದೆ ಹೋದ ಬದಿಯನ್ನು ಒತ್ತಿ ಹಿಡಿದು ಹಿಂದುಳಿದದ್ದನ್ನು ಸರಿಸಿ. ಎರಡೂ ಬದಿ ಸಮಸಮವಾಗಿ ಒಟ್ಟಿಗೆ ಗೆಣ್ಣು ದಾಟಬೇಕೆಂದರೆ ಅಳತೆ ಸಾಲುವುದಿಲ್ಲ. ಓರೆಯಾಗಿ ಒಂದೊಂದೇ ಬದಿ ದಾಟಿದರೆ ಅದೇ ಉಂಗುರ ಬಂದುಬಿಡುತ್ತದೆ. ಕಂಬಳಿಹುಳು ನಡೆಯುವುದನ್ನು ನೋಡಿದವರಿಗೆ ಲಯ ಸಿಕ್ಕೀತು.

ಎರಡು ಸಲ ನಿಧಾನವಾಗಿ ಪ್ರಯತ್ನಿಸಿಯೂ ಗೆಣ್ಣು ದಾಟದಿದ್ದರೆ ಮೂರನೆಯ ಸಲ ಬಲ ಹಾಕಬೇಡಿ, ಉಪಾಯ ಬದಲಿಸಿ.

ಎರಡು ಮೊಳ ದಾರ

ದಾರ ಸುತ್ತಿ ಉಂಗುರ ತೆಗೆಯುವ ವಿದ್ಯೆ ಹಳೆಯದು. ಆಸ್ಪತ್ರೆಗಳಲ್ಲೂ ಕತ್ತರಿಸುವ ಮುನ್ನ ಇದನ್ನೇ ನೋಡುತ್ತಾರೆ. ಓದುವಾಗ ಗೊಂದಲವೆನಿಸಿದರೂ ಒಮ್ಮೆ ಊದಿಲ್ಲದ ಬೆರಳಿನ ಮೇಲೆ ಮಾಡಿ ನೋಡಿದರೆ ಮರೆಯುವುದಿಲ್ಲ.

ದಾರ ನುಣುಪಾಗಿರಬೇಕು, ಗಟ್ಟಿಯಿರಬೇಕು, ಚಪ್ಪಟೆಯಾಗಿದ್ದರೆ ಇನ್ನೂ ಒಳ್ಳೆಯದು. ಹಲ್ಲಿನ ಸಂದಿ ಶುಚಿ ಮಾಡುವ ಫ್ಲಾಸ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಇಲ್ಲದಿದ್ದರೆ ಕಸೂತಿಯ ರೇಷ್ಮೆ ದಾರ. ತೆಳ್ಳಗಿನ ಹೊಲಿಗೆ ದಾರ ಚರ್ಮ ಕೊಯ್ಯುತ್ತದೆ. ಮನೆಯಲ್ಲಿ ಹುಡುಗರಿದ್ದರೆ ಗಾಳಿಪಟದ ಮಾಂಜಾ ತಂದುಕೊಟ್ಟಾರು, ಅದನ್ನಂತೂ ಹತ್ತಿರ ಸೇರಿಸಬೇಡಿ. ಹೂವಿನವರ ಲೆಕ್ಕದಲ್ಲಿ ಎರಡು ಮೊಳ ಉದ್ದವಿದ್ದರೆ ಸಾಕು.

ಮೊದಲು ದಾರದ ಒಂದು ತುದಿಯನ್ನು ಉಂಗುರದ ಅಡಿಯಿಂದ ಅಂಗೈ ಕಡೆಗೆ ತೂರಿಸಬೇಕು. ಇದೇ ಕಷ್ಟದ ಭಾಗ. ಉಂಗುರದ ಸುತ್ತ ಎಲ್ಲಿ ಕೊಂಚ ಸಂದಿಯಿದೆ ನೋಡಿ, ಅಲ್ಲಿ ತಲೆಪಿನ್ನಿನ ಬಾಗಿದ ಮೊಂಡು ತುದಿಯಿಂದ ದಾರವನ್ನು ಮೆಲ್ಲಗೆ ತಳ್ಳಿ. ಸೂಜಿಯ ಮೊನೆ ಬೇಡ. ನಾಲ್ಕು ಬೆರಳಷ್ಟು ದಾರ ಅಂಗೈ ಕಡೆ ಬಂದರೆ ಅದನ್ನು ಹಾಗೇ ಬಿಡಿ. ಉಳಿದ ಉದ್ದ ದಾರ ಉಗುರಿನ ಕಡೆ ಇರುತ್ತದೆ. ಅದನ್ನು ಉಂಗುರದ ಅಂಚಿಗೆ ಅಂಟಿಕೊಂಡಂತೆ ಸುತ್ತಲು ಶುರು ಮಾಡಿ. ಒಂದು ಸುತ್ತಿನ ಪಕ್ಕಕ್ಕೇ ಇನ್ನೊಂದು, ನಡುವೆ ಚರ್ಮ ಇಣುಕದಂತೆ, ಬಿಗಿಯಾಗಿ. ನಡುವೆ ಸಂದಿ ಬಿಟ್ಟರೆ ಅಲ್ಲಿ ಮಾಂಸ ಉಬ್ಬಿ ಉಂಗುರ ಅಲ್ಲೇ ನಿಲ್ಲುತ್ತದೆ. ಗೆಣ್ಣನ್ನು ಪೂರ್ತಿ ಮುಚ್ಚಿ ಅದಕ್ಕಿಂತ ಒಂದಿಷ್ಟು ಮುಂದೆ ಬರುವ ತನಕ ಸುತ್ತಿ. ಬಾವಿನ ನೀರು ಹಿಂದಕ್ಕೂ ಮುಂದಕ್ಕೂ ಸರಿದು ಗೆಣ್ಣು ತೆಳ್ಳಗಾಗುವುದೇ ಇಲ್ಲಿನ ಗುಟ್ಟು.

ಈಗ ಸುತ್ತಿದ ದಾರದ ಮೇಲೆ ಎಣ್ಣೆ ಹಚ್ಚಿ. ಅಂಗೈ ಕಡೆ ಬಿಟ್ಟಿದ್ದ ಗಿಡ್ಡ ತುದಿಯನ್ನು ಹಿಡಿದು, ಉಗುರಿನ ದಿಕ್ಕಿಗೆ ಬಾಗಿಸಿ, ಸುತ್ತಿದ ದಿಕ್ಕಿನಲ್ಲೇ ಬೆರಳಿನ ಸುತ್ತ ತಿರುಗಿಸುತ್ತ ಬಿಚ್ಚಿ. ಪ್ರತಿ ಸುತ್ತು ಬಿಚ್ಚಿಕೊಂಡಾಗಲೂ ದಾರ ಉಂಗುರವನ್ನು ಕೂದಲೆಳೆಯಷ್ಟು ಮುಂದೆ ನೂಕುತ್ತದೆ. ನೀವು ಉಂಗುರವನ್ನು ಎಳೆಯುವ ಅಗತ್ಯವಿಲ್ಲ, ದಾರವೇ ತರುತ್ತದೆ. ಗೆಣ್ಣಿನ ನೆತ್ತಿಯಲ್ಲಿ ನೋವಾಗುತ್ತದೆ, ಬೆರಳ ತುದಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ದಾರವೂ ರಕ್ತ ತಡೆಯುವುದರಿಂದ ಹಾಗಾಗುವುದು ಸಹಜ, ಆದರೆ ಅದೇ ಕಾರಣಕ್ಕೆ ನಡುವೆ ನಿಲ್ಲಿಸಿ ಫೋನಿಗೆ ಉತ್ತರ ಕೊಡುವ ಹಾಗಿಲ್ಲ. ಸುತ್ತಲು ಶುರು ಮಾಡಿದ್ದರಿಂದ ಬಿಚ್ಚುವವರೆಗೆ ಎಲ್ಲ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು. ಆಗದಿದ್ದರೆ ಎಲ್ಲ ಬಿಚ್ಚಿ, ಕೈ ಎತ್ತಿ ಹಿಡಿದು, ಬಣ್ಣ ಮರಳಿದ ಮೇಲೆ ಇನ್ನೊಂದೇ ಸಲ ಪ್ರಯತ್ನಿಸಿ. ಆಗಲೂ ಸೋತರೆ ಮನೆಯ ವೈದ್ಯ ಅಲ್ಲಿಗೆ ಸಾಕು. ಮೂಳೆ ಮುರಿದ, ಗಾಯವಾದ, ಜೋಮು ಹಿಡಿದ ಬೆರಳಿಗೆ ದಾರ ಸುತ್ತಲೇಬಾರದು.

ಆಸ್ಪತ್ರೆಯಲ್ಲಿ ಇದರದೇ ಬೇರೆ ರೂಪಗಳುಂಟು. ಆಕ್ಸಿಜನ್ ಮಾಸ್ಕಿನ ಇಲಾಸ್ಟಿಕ್ ಪಟ್ಟಿಯನ್ನು ದಾರದ ಬದಲು ಬಳಸುತ್ತಾರೆ. ಶಸ್ತ್ರಚಿಕಿತ್ಸೆಯ ಕೈಗವಸಿನ ಒಂದು ಬೆರಳನ್ನು ಕತ್ತರಿಸಿ, ಬೆರಳಿಗೆ ತೊಡಿಸಿ, ಅದರ ಅಂಚನ್ನು ಉಂಗುರದಡಿ ತೂರಿಸಿ ಮಗುಚಿ ಎಳೆಯುತ್ತಾರೆ. ಬೆರಳಿಗೆ ಪಟ್ಟಿ ಸುತ್ತಿ ಕೈ ಎತ್ತಿಸಿ, ತೋಳಿಗೆ ಬಿಪಿ ಪಟ್ಟಿ ಕಟ್ಟಿ ಗಾಳಿ ತುಂಬಿ, ಹೊಸ ರಕ್ತ ಇಳಿಯದಂತೆ ತಡೆದು ತೆಗೆಯುವುದೂ ಇದೆ. ಇದು ಮನೆಯಲ್ಲಿ ಮಾಡುವಂಥದ್ದಲ್ಲ. ನೋವು ಜಾಸ್ತಿಯಿದ್ದರೆ ಬೆರಳ ಬುಡಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ.

ಕತ್ತರಿಸುವುದೆಂದರೆ

ಉಂಗುರ ಕತ್ತರಿಸಬೇಕು ಎಂದಾಕ್ಷಣ ಮನೆಮಂದಿಯ ಮುಖ ಸಣ್ಣಗಾಗುತ್ತದೆ. ನಿಶ್ಚಿತಾರ್ಥದ ಉಂಗುರ, ತೀರಿಕೊಂಡ ಅಮ್ಮನ ಉಂಗುರ, ಮಾವ ಮದುವೆಯಲ್ಲಿ ತೊಡಿಸಿದ ಉಂಗುರ. ಜ್ಯೋತಿಷಿಗಳು ‘ತೆಗೆಯಲೇಬಾರದು’ ಎಂದು ಹೇಳಿ ಹಾಕಿಸಿದ ಪುಷ್ಯರಾಗ, ಹವಳ, ನೀಲದ ಉಂಗುರಗಳ ಕತೆ ಇನ್ನೂ ಕಷ್ಟ. ಬೆರಳು ನೀಲಿಯಾಗುತ್ತಿದ್ದರೂ ನೀಲವನ್ನು ಮುಟ್ಟಲು ಒಪ್ಪದವರಿದ್ದಾರೆ. ನಂಬಿಕೆಯನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಕತ್ತರಿಸಿದ ಚಿನ್ನವನ್ನು ಅಕ್ಕಸಾಲಿಗ ಒಂದು ಬೆಸುಗೆಯಲ್ಲಿ ಕೂಡಿಸಿ ಕೊಡುತ್ತಾನೆ, ಅದು ಕತ್ತರಿಸಿದ್ದೆಂದು ಆಮೇಲೆ ಗುರುತೂ ಸಿಗುವುದಿಲ್ಲ. ಕಲ್ಲಿಗೆ ಏನೂ ಆಗುವುದಿಲ್ಲ, ಏಕೆಂದರೆ ಕೊಯ್ಯುವುದು ಕಲ್ಲಿನ ಎದುರುಬದಿಯಲ್ಲಿ, ಅಂಗೈ ಕಡೆಯ ತೆಳ್ಳಗಿನ ಭಾಗದಲ್ಲಿ.

ಉಂಗುರ ಕತ್ತರಿಸುವ ಕೈ ಉಪಕರಣ ನೋಡಿದರೆ ಭಯ ಅರ್ಧ ಹೋಗುತ್ತದೆ. ಇಕ್ಕಳದಂಥ ಒಂದು ಹಿಡಿ. ಅದರ ಕೆಳದವಡೆ ತೆಳ್ಳನೆಯ, ತುಸು ಬಾಗಿದ ನಾಲಿಗೆಯಂತಿರುವ ಉಕ್ಕಿನ ತಗಡು. ಇದು ಉಂಗುರ ಮತ್ತು ಚರ್ಮದ ನಡುವೆ ಹೋಗಿ ಕೂರುತ್ತದೆ. ಮೇಲ್ಗಡೆ ಒಂದು ಪುಟ್ಟ ಹಲ್ಲುಗಾಲಿ, ಅದಕ್ಕೊಂದು ತಿರುಗಿಸುವ ಕಿವಿ. ಹಿಡಿಯನ್ನು ಅಮುಕಿ ಕಿವಿ ತಿರುಗಿಸಿದರೆ ಗಾಲಿ ಲೋಹವನ್ನು ಅರೆಯುತ್ತ ಇಳಿಯುತ್ತದೆ. ಕೊನೆಗೆ ತಗಡಿಗೆ ತಾಗುತ್ತದೆಯೇ ಹೊರತು ಚರ್ಮಕ್ಕಲ್ಲ. ಗಾಲಿ ಉಜ್ಜಿ ಲೋಹ ಬಿಸಿಯಾಗುವುದರಿಂದ ನಡುನಡುವೆ ನಿಲ್ಲಿಸುತ್ತಾರೆ, ಹನಿ ಹನಿ ನೀರು ಬಿಡುತ್ತಾರೆ. 22 ಕ್ಯಾರೆಟ್ಟಿನ ಚಿನ್ನ ಮೆದು, ತೆಳ್ಳನೆಯ ಉಂಗುರ ಬೇಗನೆ ತುಂಡಾಗುತ್ತದೆ. ಬೆಳ್ಳಿ, ತಾಮ್ರ ಕೂಡ ಹಾಗೆಯೇ. ಒಂದು ಕಡೆ ಕೊಯ್ದ ಮೇಲೆ ಎರಡು ಇಕ್ಕಳದಿಂದ ಅಗಲಿಸಿ ಹೊರತೆಗೆಯುತ್ತಾರೆ. ಉಂಗುರ ದಪ್ಪವಾಗಿದ್ದು ಬಾಗದಿದ್ದರೆ ಎದುರು ಬದಿಯಲ್ಲಿ ಇನ್ನೊಂದು ಕೊಯ್ತ.

ತೊಂದರೆ ಕೊಡುವುದು ಹೊಸ ಕಾಲದ ಲೋಹಗಳು. ಹುಡುಗರು ಈಗ ಆನ್‌ಲೈನಿನಲ್ಲಿ ತರಿಸಿಕೊಳ್ಳುವ ಕಪ್ಪು, ಬೂದು ಬಣ್ಣದ ಉಂಗುರಗಳಲ್ಲಿ ಕೆಲವು ಟೈಟಾನಿಯಂ, ಕೆಲವು ಟಂಗ್‌ಸ್ಟನ್ ಕಾರ್ಬೈಡ್, ಕೆಲವು ಸೆರಾಮಿಕ್. ಟೈಟಾನಿಯಂ ಮತ್ತು ಸ್ಟೀಲ್ ಉಂಗುರಕ್ಕೆ ಕೈಗಾಲಿ ಸಾಲುವುದಿಲ್ಲ, ವಿದ್ಯುತ್ ಉಪಕರಣದ ವಜ್ರದ ಪುಡಿ ಕೂರಿಸಿದ ಚಕ್ರ ಬೇಕಾಗುತ್ತದೆ. ಶನಿಕಾಟಕ್ಕೆಂದು ಹಾಕುವ ಕುದುರೆ ಲಾಳದ ಕಬ್ಬಿಣದ ಉಂಗುರವೂ ಸುಲಭಕ್ಕೆ ಬಗ್ಗುವುದಲ್ಲ. ಟಂಗ್‌ಸ್ಟನ್ ಕಾರ್ಬೈಡ್ ಅಂತೂ ಮಾಮೂಲಿ ಗಾಲಿಗೆ ಜಗ್ಗುವುದಿಲ್ಲ, ಆದರೆ ಅದು ಗಡಸಾದಷ್ಟೇ ಪೆಡಸು. ಬಿಗಿ ಹಿಡಿಯುವ ಇಕ್ಕಳದಲ್ಲಿ ಹೊರಗಿನಿಂದ ಹಿಡಿದು, ಸ್ಕ್ರೂ ತಿರುಗಿಸುತ್ತ ಸ್ವಲ್ಪಸ್ವಲ್ಪವೇ ಬಿಗಿ ಹೆಚ್ಚಿಸಿದರೆ ಗಾಜಿನಂತೆ ಒಡೆದು ಚೂರಾಗುತ್ತದೆ. ಸೆರಾಮಿಕ್ಕಿಗೂ ಅದೇ ದಾರಿ. ಚೂರು ಸಿಡಿಯುವುದರಿಂದ ಕಣ್ಣಿಗೆ ಕನ್ನಡಕ, ಬೆರಳ ಮೇಲೆ ಬಟ್ಟೆ ಬೇಕು, ಆ ಕೆಲಸ ಗೊತ್ತಿರುವವರೇ ಮಾಡಬೇಕು. ಹಾಗಾಗಿ ಆಸ್ಪತ್ರೆಗೆ ಹೋದಾಗ ಮೊದಲು ಹೇಳಬೇಕಾದ ಮಾತು ಉಂಗುರದ ಬೆಲೆಯಲ್ಲ, ಉಂಗುರ ಯಾವ ಲೋಹದ್ದು ಎಂಬುದು. ಬಿಲ್ಲೋ ಡಬ್ಬಿಯೋ ಇದ್ದರೆ ಜೊತೆಗೆ ಒಯ್ಯಿರಿ.

ಎಲ್ಲಿಗೆ ಹೋಗುವುದು? ಬೆರಳಿನ ಬಣ್ಣ ಕೆಟ್ಟಿದ್ದರೆ, ಗಾಯವಿದ್ದರೆ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೇ ಹೋಗಬೇಕು, ಬೇರೆಲ್ಲೂ ಅಲ್ಲ. ಬೆರಳು ಚೆನ್ನಾಗಿದ್ದು ಉಂಗುರ ಮಾತ್ರ ಬರುತ್ತಿಲ್ಲ ಎಂದಾದರೆ ಊರಿನ ಅಕ್ಕಸಾಲಿಗರೂ ಆದೀತು. ಉತ್ತರ ಕರ್ನಾಟಕದ ಪತ್ತಾರರ ಅಂಗಡಿಯಿರಲಿ, ದಕ್ಷಿಣದ ಆಚಾರಿಗಳ ಅಂಗಡಿಯಿರಲಿ, ಚಿನ್ನದ ಉಂಗುರ ಕೊಯ್ಯುವುದು ಅವರಿಗೆ ಹೊಸದಲ್ಲ. ಆಸ್ಪತ್ರೆಯಲ್ಲಿ ಉಪಕರಣ ಇಲ್ಲದಿದ್ದಾಗ, ಲೋಹ ಗಡಸಾಗಿದ್ದಾಗ ಅಗ್ನಿಶಾಮಕ ಠಾಣೆಯವರ ನೆನಪು ಮಾಡಿಕೊಳ್ಳಿ. ಪಕ್ಕದ ಕೇರಳದಲ್ಲಿ ಬೆರಳಲ್ಲಿ ಸಿಕ್ಕಿದ ಉಂಗುರ ಹಿಡಿದುಕೊಂಡು ಜನ ನೇರ ಅಗ್ನಿಶಾಮಕ ಠಾಣೆಗೆ ಹೋಗುವುದು ಮಾಮೂಲು. ನಮ್ಮಲ್ಲೂ ಆ ಇಲಾಖೆಯ ಹೆಸರಿನಲ್ಲೇ ತುರ್ತು ಸೇವೆ ಎಂಬ ಮಾತಿದೆ. 101ಕ್ಕೋ 112ಕ್ಕೋ ಕರೆ ಮಾಡಿ ಕೇಳುವುದರಲ್ಲಿ ಸಂಕೋಚ ಬೇಡ. ಮನೆಯ ಹ್ಯಾಕ್ಸಾ ಬ್ಲೇಡು, ಗ್ಯಾರೇಜಿನ ಗ್ರೈಂಡರು ಮಾತ್ರ ದೂರವಿರಲಿ. ಅಡಿಯಲ್ಲಿ ತಗಡಿಲ್ಲದೆ ಕೊಯ್ದರೆ ಲೋಹದ ಜೊತೆಗೆ ಬೆರಳೂ ಹೋದೀತು, ನೀರಿಲ್ಲದೆ ಗ್ರೈಂಡರ್ ಇಟ್ಟರೆ ಉಂಗುರವೇ ಕಾದು ಬೆರಳನ್ನು ಸುಟ್ಟೀತು.

ನಿಧಾನವಾಗಿ ಬಿಗಿಯುವ ಉಂಗುರ

ಪೆಟ್ಟಿಲ್ಲದೆಯೂ ಬೆರಳು ಊದುತ್ತದೆ. ಬೇಸಿಗೆಯ ಸೆಕೆ, ಉಪ್ಪು ಹೆಚ್ಚಾದ ಊಟ, ಕೈ ಕೆಳಗೆ ಬಿಟ್ಟು ದೂರ ನಡೆದದ್ದು, ತೂಕ ಏರಿದ್ದು, ಇವೆಲ್ಲ ಕಾರಣಗಳೇ. ತೂಕದ್ದು ಬಿಟ್ಟರೆ ಇಂಥ ಬಾವು ದಿನದಲ್ಲೇ ಏರಿಳಿಯುತ್ತದೆ. ಇಂಥವರು ಕೈ ಎತ್ತಿ, ತಣ್ಣೀರಲ್ಲಿ ಅದ್ದಿ, ತಂಪು ಹೊತ್ತಿನಲ್ಲಿ ತೆಗೆದರೆ ಸುಲಭ. ಸಂಧಿವಾತದಲ್ಲಿ ಊದುವುದು ಮಾಂಸವಲ್ಲ, ಗೆಣ್ಣೇ ದಪ್ಪವಾಗುತ್ತದೆ. ಅದು ಎಣ್ಣೆಗೂ ಇಳಿಯದು, ಐಸಿಗೂ ಇಳಿಯದು. ಅಂಥವರ ಬೆರಳಿನಿಂದ ಉಂಗುರ ಒಂದು ಸಲ ಕತ್ತರಿಸಿಯೇ ತೆಗೆಯಬೇಕಾಗಬಹುದು. ಎರಡೂ ಕೈ, ಕಾಲು, ಮುಖ ಒಟ್ಟಿಗೆ ಊದತೊಡಗಿದರೆ ಚಿಂತಿಸಬೇಕಾದದ್ದು ಉಂಗುರವನ್ನಲ್ಲ. ಮೂತ್ರಪಿಂಡ, ಹೃದಯ, ಥೈರಾಯ್ಡ್ ಯಾವುದರ ತೊಂದರೆಯೋ ಎಂದು ವೈದ್ಯರಲ್ಲಿ ನೋಡಿಸಬೇಕು.

ಬಸುರಿಯರ ವಿಷಯ ಬೇರೆಯಾಗಿಯೇ ಹೇಳಬೇಕು. ಕೊನೆಯ ಮೂರು ತಿಂಗಳಲ್ಲಿ ಕೈಕಾಲು ಊದುವುದು ಸಾಮಾನ್ಯ. ನಮ್ಮಲ್ಲಿ ಸೀಮಂತವೂ ಆ ಹೊತ್ತಿಗೇ, ಹೊಸ ಉಂಗುರ ತೊಡಿಸುವುದೂ ಆವತ್ತೇ! ಶಾಸ್ತ್ರ ಮುಗಿದು ಫೋಟೊ ತೆಗೆದ ಮೇಲೆ ಉಂಗುರ ಡಬ್ಬಿಗೆ ಹೋಗಲಿ. ಆರನೆಯ ತಿಂಗಳು ತುಂಬುವ ಮೊದಲೇ ಬಿಗಿಯುಂಗುರ, ಕಾಲುಂಗುರಗಳನ್ನು ತೆಗೆದಿಡುವುದು ಜಾಣತನ. ಬೇಕಿದ್ದರೆ ಸರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಳ್ಳಬಹುದು. ಇಪ್ಪತ್ತು ವಾರ ಕಳೆದ ಬಸುರಿಗೆ ಮುಖ, ಕೈ ದಿಢೀರನೆ ಊದಿ, ಜೊತೆಗೆ ತಲೆಸಿಡಿತ, ಕಣ್ಣು ಮಂಜು, ಮೇಲ್ಹೊಟ್ಟೆ ನೋವು ಕಂಡರೆ ಅದು ರಕ್ತದೊತ್ತಡ ಏರಿದ ಲಕ್ಷಣವಿರಬಹುದು. ಆಗ ದಾರ, ಎಣ್ಣೆ ಎಲ್ಲ ಬಿಟ್ಟು ಅದೇ ಗಳಿಗೆ ಆಸ್ಪತ್ರೆಗೆ ಹೊರಡಬೇಕು. ಹೆರಿಗೆಗೋ ಆಪರೇಷನ್ನಿಗೋ ಸೇರುವಾಗ ‘ಅಮ್ಮಾ, ಉಂಗುರ ತೆಗೆದುಕೊಡಿ’ ಎಂದು ನರ್ಸಮ್ಮ ಕೇಳುವುದು ಕಳ್ಳತನದ ಭಯಕ್ಕಷ್ಟೇ ಅಲ್ಲ. ಗ್ಲೂಕೋಸ್ ಹನಿ ಇಳಿದ ಮೇಲೆ ಕೈ ಊದುತ್ತದೆ, ರಕ್ತ ನಿಲ್ಲಿಸುವ ವಿದ್ಯುತ್ ಉಪಕರಣ ಬಳಸುವಾಗ ಮೈಮೇಲಿನ ಲೋಹ ಸುಡುವ ಅಪಾಯವೂ ಇದೆ.

ಮಕ್ಕಳು ಸಿಕ್ಕಿಸಿಕೊಳ್ಳುವುದು ಉಂಗುರವನ್ನಲ್ಲ, ನಟ್ಟು, ವಾಷರು, ಬೇರಿಂಗು, ಬಾಟಲಿಯ ಬಾಯಿ. ಎಣ್ಣೆ, ತಣ್ಣೀರಿನ ಪಾಠ ಅವರಿಗೂ ಅದೇ, ಆದರೆ ಅಳುವ ಮಗುವಿಗೆ ದಾರ ಸುತ್ತಲು ಹೋಗಬೇಡಿ. ಹಸುಗೂಸುಗಳಲ್ಲಿ ಇನ್ನೊಂದು ಅಪಾಯವಿದೆ, ಬಹಳ ಮನೆಗಳಿಗೆ ಗೊತ್ತೇ ಇಲ್ಲ. ಬಾಣಂತಿಯ ಕೂದಲು ಉದುರುವ ಕಾಲವದು. ಉದುರಿದ ಒಂದು ಎಳೆ ಮಗುವಿನ ಕಾಲ್ಬೆರಳಿಗೋ ಕೈಬೆರಳಿಗೋ ಕಾಲುಚೀಲದೊಳಗೆ ಸುತ್ತಿಕೊಂಡು ಬಿಗಿದುಬಿಡುತ್ತದೆ. ಹಾಲು ಕುಡಿಸಿದರೂ, ಎತ್ತಿ ಆಡಿಸಿದರೂ ಮಗು ಅಳು ನಿಲ್ಲಿಸದಿದ್ದರೆ ಕಾಲುಚೀಲ, ಕೈಚೀಲ ಬಿಚ್ಚಿ ಒಂದೊಂದು ಬೆರಳನ್ನೂ ನೋಡಿ. ಗಂಡುಮಗುವಾದರೆ ಜನನಾಂಗವನ್ನೂ ನೋಡಬೇಕು. ಬೆರಳು ಕೆಂಪಾಗಿ ಊದಿ ನಡುವೆ ಗೆರೆ ಬಿದ್ದಿದ್ದರೆ, ಕೂದಲು ಕಣ್ಣಿಗೆ ಕಾಣದಿದ್ದರೂ ತಡಮಾಡದೆ ವೈದ್ಯರ ಹತ್ತಿರ ಹೋಗಿ.

ಉಂಗುರ ತೊಟ್ಟು ಮಾಡಬಾರದ ಕೆಲಸಗಳೂ ಇವೆ. ಒಕ್ಕಣೆ ಯಂತ್ರ, ಲೇತು, ಲಾರಿಯ ಹಿಂಬದಿಯಿಂದ ಜಿಗಿಯುವುದು. ಉಂಗುರ ಎಲ್ಲೋ ಸಿಕ್ಕಿಕೊಂಡು ಮೈಭಾರ ಅದರ ಮೇಲೆ ಬಿದ್ದರೆ ಬೆರಳಿನ ಚರ್ಮವೇ ಸುಲಿದು ಬರುತ್ತದೆ. ಅಮೆರಿಕದ ಟಿವಿ ನಿರೂಪಕ ಜಿಮ್ಮಿ ಫ್ಯಾಲನ್‌ಗೆ 2015ರಲ್ಲಿ ಹೀಗಾಯಿತು, ಅದೂ ತನ್ನ ಮನೆಯ ಅಡುಗೆಮನೆಯಲ್ಲೇ ಮುಗ್ಗರಿಸಿ. ಬೆರಳು ಉಳಿಸಲು ಆರು ಗಂಟೆಗಳ ಶಸ್ತ್ರಚಿಕಿತ್ಸೆ ಬೇಕಾಯಿತು. ಯುಪಿಎಸ್ ಅಥವಾ ವಾಹನದ ಬ್ಯಾಟರಿ ಬಿಚ್ಚುವವರೂ ಉಂಗುರ ತೆಗೆದಿಡಬೇಕು. ಸ್ಪ್ಯಾನರಿನಿಂದ ಉಂಗುರದ ಮೂಲಕ ವಿದ್ಯುತ್ ಹರಿದರೆ 12 ವೋಲ್ಟಿನ ಬ್ಯಾಟರಿಯೂ ಕ್ಷಣದಲ್ಲಿ ಉಂಗುರವನ್ನು ಕಾಯಿಸಿ ಬೆರಳ ಸುತ್ತ ಸುಡುತ್ತದೆ.

ಉಂಗುರ ಬಂತು. ಬೆರಳಲ್ಲಿ ಉಳಿದ ತಗ್ಗಿನ ಗುರುತು ಕಂಡು ಹೆದರಬೇಡಿ, ಅದು ದಿನಗಳಲ್ಲಿ ತುಂಬಿಕೊಳ್ಳುತ್ತದೆ. ಎಣ್ಣೆ ಸೋಪು ತೊಳೆದು ಒರೆಸಿ, ತರಚಿದ್ದರೆ ಮುಲಾಮು ಹಚ್ಚಿ, ಗಾಯವಿದ್ದರೆ ಟಿಟಿ ಇಂಜೆಕ್ಷನ್ ಬೇಕೇ ಎಂದು ವೈದ್ಯರನ್ನು ಕೇಳಿ. ಆ ದಿನವೆಲ್ಲ ಕೈ ಎತ್ತಿ ಇಟ್ಟುಕೊಳ್ಳುವುದು ಒಳ್ಳೆಯದು. ಜೋಮು ಬಿಡದಿದ್ದರೆ, ಬೆರಳು ಮಡಿಸಲು ಬಾರದಿದ್ದರೆ, ಕೆಂಪು ಮೇಲೇರುತ್ತ ಹೋದರೆ, ಕೀವು ಕಂಡರೆ ಮತ್ತೆ ತೋರಿಸಬೇಕು. ಬಾವು ಪೂರ್ತಿ ಇಳಿಯುವವರೆಗೆ ಆ ಬೆರಳಿಗೆ ಇನ್ನೊಂದು ಉಂಗುರ ಬೇಡ.

ಕತ್ತರಿಸಿದ ತುಂಡುಗಳನ್ನು ಎಣಿಸಿಕೊಂಡು ಪೊಟ್ಟಣದಲ್ಲಿಡಿ. ರಿಪೇರಿಗೆ ಕೊಡುವಾಗ ನಿಮ್ಮೆದುರೇ ತೂಗಿಸಿ ಚೀಟಿ ಬರೆಸಿಕೊಳ್ಳಿ. ಉಂಗುರದ ಒಳಬದಿಯಲ್ಲಿ ಹಾಲ್‌ಮಾರ್ಕ್ ಗುರುತು ಇದ್ದರೆ ಆ ಜಾಗ ಬಿಟ್ಟು ಕೊಯ್ಯುವಂತೆ ಮೊದಲೇ ಹೇಳಿದ್ದರೆ ಒಳ್ಳೆಯದು. ಬೆಸುಗೆಯ ಜೊತೆಗೇ ಅಳತೆಯನ್ನೂ ದೊಡ್ಡದು ಮಾಡಿಸಿ, ಇಲ್ಲದಿದ್ದರೆ ಮುಂದಿನ ಬೇಸಿಗೆಗೆ ಮತ್ತೆ ಅಲ್ಲಿಗೇ ಬರುತ್ತೀರಿ. ಅಳತೆ ಕೊಡಲು ಚಳಿಯ ಬೆಳಗ್ಗೆ ಹೋಗಬೇಡಿ, ಬೆರಳು ಆಗ ಸಣ್ಣಗಿರುತ್ತದೆ. ಊಟವಾಗಿ ಓಡಾಡಿದ ಸಂಜೆ ಹೊತ್ತು ಸರಿ. ಅಂಗಡಿಯವರ ಅಳತೆಯುಂಗುರ ಗೆಣ್ಣು ದಾಟುವಾಗ ಕೊಂಚ ತಡೆದು, ಬುಡಕ್ಕೆ ಬಂದ ಮೇಲೆ ಬೆರಳಿನಿಂದ ತಳ್ಳಿದರೆ ತಿರುಗಬೇಕು. ಗೆಣ್ಣು ದಪ್ಪಗಾದ ಹಿರಿಯರಿಗೆ ಕೀಲು ಹಾಕಿ ಬಾಗಿಲಿನಂತೆ ತೆರೆಯುವ ಉಂಗುರವನ್ನು ಮಾಡಿಕೊಡುವವರಿದ್ದಾರೆ. ಕೂಲಿ ತುಸು ಹೆಚ್ಚಾದರೂ, ಗೆಣ್ಣನ್ನು ದಾಟಿಸುವ ಗೋಜೇ ಅದರಲ್ಲಿಲ್ಲ.